ಸ್ವೆಟರಿನ ತೂಕ

ನವೆಂಬರ್ ೧೮, ಸೋಮವಾರ. ಸಂಜೆ ೬

ಮೀಟಿಂಗ್ ಮುಗಿಸಿ ಈಗ ಬಂದೆ. ಗಂಟಲು ಕಟ್ಟಿದೆ. ನನ್ನ ಸರ್ಕಲ್ಲಿನ ಇಪ್ಪತ್ನಾಲ್ಕು ಅಂಗನವಾಡಿ ಟೀಚರುಗಳಲ್ಲಿ ಇಪ್ಪತ್ಮೂರು ಜನ ಬಂದಿದ್ದರು. ಕಲ್ಲುಬ್ಯಾಣದ ಕನ್ನಮ್ಮ ಒಬ್ಬರು ಇಲ್ಲ. ಮಗಳ ಬಾಣಂತನ. ರಜೆ ಅರ್ಜಿ ಮಾತ್ರ ಮೂರು ದಿನ ಮೊದಲೇ ತಲುಪಿಸಿದ್ದಾರೆ. ಆ ಹೆಂಗಸು ಎಲ್ಲದರಲ್ಲೂ ಹೀಗೆ.

ಎಂದಿನ ಪಾಠವೇ. ಮೊಟ್ಟೆ ಬಂತಾ, ಹಾಜರಿಯನ್ನು ಹತ್ತೂವರೆಯೊಳಗೆ ಆ್ಯಪ್‌ಗೆ ಹಾಕಿ, ಫೋಟೊ ಮಸುಕಾದರೆ ನನ್ನನ್ನು ಕೇಳಬೇಡಿ... ಕೊನೆಗೆ ತೂಕದ ಮಾತು. ಹುಣಸೆಕೊಪ್ಪದ ಭವ್ಯಾ ಎದ್ದು ನಿಂತಳು. ಚಿಕ್ಕವಳು, ಚುರುಕು, ಬಾಯಿ ಸ್ವಲ್ಪ ಮುಂದೆ.

"ಮೇಡಂ, ಈ ಚಳೀಲಿ ಮಕ್ಳ ಬಟ್ಟೆ ಬಿಚ್ಚಿ ತೂಗ್ತೀನಿ ಅಂದ್ರೆ ತಾಯಂದ್ರು ಬೈತಾರೆ. ಹೋದ್ ವರ್ಷದ್ದು ನೆನಪದೆ ಅಲ್ದಾ?"

ನೆನಪಿಲ್ಲದೆ ಏನು! ತೂಕ ಮಾಡಿದ ಮರುದಿನ ಒಂದು ಮಗುವಿಗೆ ಕಫ ಕಟ್ಟಿ, ಅದರ ಅಜ್ಜ ಆಫೀಸಿನ ಬಾಗಿಲಲ್ಲಿ ನಿಂತು ಕೂಗಾಡಿದ್ದ. ಮಗುವಿಗೆ ಮೊದಲೇ ಜ್ವರ ಇತ್ತು, ಆ ಮಾತು ಬೇರೆ. ಬೈಸಿಕೊಂಡವಳು ನಾನು.

ಹೇಳಿಬಿಟ್ಟೆ. "ಬಿಚ್ಚಬೇಡಿ. ಸ್ವೆಟರ್ ಸಮೇತ ತೂಗಿ, ಇನ್ನೂರು ಗ್ರಾಂ ಕಳೆದು ಬರೀರಿ. ಮಕ್ಕಳು ಬೆಚ್ಚಗಿರಲಿ." ಚಪ್ಪಾಳೆ! ನಿಜಕ್ಕೂ ತಟ್ಟಿದರು. ಏಳು ವರ್ಷದಲ್ಲಿ ಇದೇ ಮೊದಲು. ಮೇಲ್ವಿಚಾರಕಿ ಅಂದರೆ ಬರೀ ತಪ್ಪು ಹುಡುಕುವವಳಲ್ಲ, ಕರುಳಿರುವವಳು ಅಂತ ಇವತ್ತಾದರೂ ಗೊತ್ತಾಗಿರಬೇಕು. ಖುಷಿಯಾಯಿತು. ಬಿಸಿನೀರು, ಉಪ್ಪು, ಗಂಟಲು ಮುಕ್ಕಳಿಸಬೇಕು.

ಡಿಸೆಂಬರ್ ೬, ಶುಕ್ರವಾರ

ಈ ತಿಂಗಳ ತೂಕ ಎಲ್ಲ ಸೆಂಟರಿಂದಲೂ ಬಂತು. ಆ್ಯಪ್ ತೆರೆದು ಕಣ್ಣುಜ್ಜಿಕೊಂಡೆ. ಹಸಿರು, ಹಸಿರು, ಹಸಿರು. ಹೋದ ತಿಂಗಳು ಮೂವತ್ತೊಂದು ಮಕ್ಕಳು ಹಳದಿಯಲ್ಲಿದ್ದರು, ಅಂದರೆ ಕಡಿಮೆ ತೂಕ. ಈಗ ಒಂಬತ್ತೇ. ಆ ಒಂಬತ್ತರಲ್ಲಿ ಆರು ಕಲ್ಲುಬ್ಯಾಣದ್ದು. ತೀರಾ ಕಡಿಮೆಯಾದರೆ ಕೆಂಪು. ಅದು ಒಂದೇ ಒಂದು. ಅದೂ ಕಲ್ಲುಬ್ಯಾಣ.

ಮೊಟ್ಟೆ ಕೆಲಸ ಮಾಡಿದೆ. ನಾನು ಬೆನ್ನು ಹತ್ತಿದ್ದೂ ಕೆಲಸ ಮಾಡಿದೆ.

ಹುಣಸೆಕೊಪ್ಪದ ಅಪೇಕ್ಷಾ ಅಂತ ಒಂದು ಮಗು. ವರ್ಷ ಒಂದು, ತಿಂಗಳು ಮೂರು. ಹೋದ ತಿಂಗಳು 7.1, ಹಳದಿ. ಈಗ 7.8, ಹಸಿರು! ಭವ್ಯಾ ಗ್ರೂಪಿನಲ್ಲಿ ಫೋಟೊ ಹಾಕಿದ್ದಾಳೆ. ಶಾಲಿನೊಳಗಿಂದ ಎರಡು ಕಣ್ಣು ಮಾತ್ರ. ಮೂರು ಚಪ್ಪಾಳೆ, ಒಂದು ಗುಲಾಬಿ ಕಳಿಸಿದೆ.

ಡಿಸೆಂಬರ್ ೧೧, ಬುಧವಾರ

ಜಿಲ್ಲೆಯ ವಿಡಿಯೊ ಕಾನ್ಫರೆನ್ಸಿನಲ್ಲಿ ನಮ್ಮ ಸರ್ಕಲ್ಲಿನ ಹೆಸರು ಹೇಳಿದರಂತೆ. ನಮ್ಮ ಮೇಲಧಿಕಾರಿ, ಸಿಡಿಪಿಒ ಶಿವಮೂರ್ತಿ ಸಾಹೇಬರು ಚೇಂಬರಿಗೆ ಕರೆಸಿ ಚಹಾ ತರಿಸಿದರು. ಸಾಮಾನ್ಯವಾಗಿ ಅವರು ಚಹಾ ತರಿಸುವುದು ಬೈಯುವ ಮುಂಚೆ. ಇವತ್ತು ಹಾಗಲ್ಲ.

"ಜನವರಿ ಇಪ್ಪತ್ತಾರಕ್ಕೆ ನಿಮ್ಮ ಹೆಸರು ಕಳಿಸ್ತಿದ್ದೀನಿ ಮೇಡಂ. ಅತ್ಯುತ್ತಮ ಮೇಲ್ವಿಚಾರಕಿ. ಆದ್ರೆ ಆ ಕಲ್ಲುಬ್ಯಾಣ ಒಂದು ಕಲೆ ಉಳ್ಕೊಂಡಿದೆಯಲ್ರೀ. ಎಲ್ಲಾ ಕಡೆ ಮಕ್ಕಳು ಏರ್ತಿದ್ದಾರೆ, ಅಲ್ಲಿ ಮಾತ್ರ ಯಾಕೆ ಏರಲ್ಲ? ಆಹಾರ ಎಲ್ಲಿ ಹೋಗ್ತಿದೆ?"

ಆ ಪ್ರಶ್ನೆ ನನ್ನ ತಲೆಯಲ್ಲೂ ಇತ್ತು. ಅವರು ಕೇಳಿದ ಮೇಲೆ ದೊಡ್ಡದಾಯಿತು.

ಮನೆಯಲ್ಲಿ ಹೇಳಿದೆ. ಗಣೇಶ್ ವರ್ಕ್‌ಶಾಪಿನ ಗ್ರೀಸ್ ಕೈಯಲ್ಲೇ ಕೈಕುಲುಕಿದರು. "ನಮ್ಮನೇಲೂ ಒಬ್ಬ ಗಂಡ ಇದಾನೆ, ಅವನಿಗೂ ಒಂದ್ ಮೊಟ್ಟೆ ಹಾಕು, ಏರ್ಲಿ" ಅಂದರು. ಹಾಕಿದೆ.

ಡಿಸೆಂಬರ್ ೧೭, ಮಂಗಳವಾರ

ಕನ್ನಮ್ಮನಿಗೆ ನೋಟಿಸ್. ಡ್ರಾಫ್ಟ್ ನನ್ನದೇ. "ಪೂರಕ ಪೌಷ್ಟಿಕ ಆಹಾರವು ಫಲಾನುಭವಿ ಮಕ್ಕಳಿಗೆ ಸಮರ್ಪಕವಾಗಿ ತಲುಪುತ್ತಿಲ್ಲವೆಂಬ ಬಗ್ಗೆ ಸಂಶಯ ಮೂಡಿದ್ದು..." ಮೂವತ್ತೊಂದು ವರ್ಷ ಕೆಲಸ ಮಾಡಿದವರು. ನಿವೃತ್ತಿಗೆ ಇನ್ನು ಎಂಟು ತಿಂಗಳು. ಸಂಶಯ ಸಾಬೀತಾದರೆ ಸೇವೆಯಿಂದ ವಜಾ, ಅದಕ್ಕಿಂತ ಹೆಚ್ಚಾಗಿ ಊರಲ್ಲಿ ಮಕ್ಕಳ ಮೊಟ್ಟೆ ಕದ್ದವಳು ಅಂತ ಹೆಸರು. ಆದರೆ ಅಂಕಿ ಕಣ್ಣ ಮುಂದೆಯೇ ಇದೆ. ಅಂಕಿ ಸುಳ್ಳು ಹೇಳುತ್ತದೆಯೇ?

ವಿಚಾರಣೆ ವರದಿ ನಾನೇ ಕೊಡಬೇಕು. ಗಡುವು ಜನವರಿ ಇಪ್ಪತ್ತೆರಡು.

ಡಿಸೆಂಬರ್ ೨೭, ಶುಕ್ರವಾರ

ಕನ್ನಮ್ಮನ ಉತ್ತರ ಬಂತು. ಮೂರು ಪುಟ, ನೋಟ್‌ಬುಕ್ಕಿನ ಹಾಳೆ, ಎರಡೂ ಮಗ್ಗುಲು. ಮೊದಲ ನಾಲ್ಕು ಸಾಲಿನಲ್ಲಿ ಅವರ ಮನೆಯ ಕೋಳಿ ವಿಷಯ! ನೋಟಿಸಿಗೆ ಹೀಗೂ ಉತ್ತರ ಬರೆಯುತ್ತಾರಾ? ಇವತ್ತು ಹದಿನೆಂಟು ಫೈಲು ಇತ್ತು. ಮೇಲೆ "ಉತ್ತರ ಸಮರ್ಪಕವಾಗಿಲ್ಲ, ಸ್ಥಳ ಪರಿಶೀಲನೆ ಅಗತ್ಯ" ಎಂದು ಬರೆದು ಕಡತಕ್ಕೆ ಸೇರಿಸಿದೆ.

ನಾಳೆಯಿಂದ ನಾಲ್ಕು ದಿನ ತೀರ್ಥಹಳ್ಳಿ, ಅಕ್ಕನ ಮನೆ. ಆ್ಯಪ್ ಮುಟ್ಟುವುದಿಲ್ಲ. ದೇವರಾಣೆ.

ಜನವರಿ ೮, ಬುಧವಾರ. ಸಂಜೆ

ಕಲ್ಲುಬ್ಯಾಣಕ್ಕೆ ಹೋಗಿದ್ದೆ. ಹೇಳದೆ ಕೇಳದೆ, ಒಂಬತ್ತೂವರೆಗೇ. ಹಿಡಿಯಲೇಬೇಕು ಅಂತಲೇ ಹೊರಟಿದ್ದು, ಅದನ್ನು ಇಲ್ಲಿ ಮುಚ್ಚಿಟ್ಟು ಏನು ಪ್ರಯೋಜನ.

ಮಂಜು ಎಷ್ಟಿತ್ತೆಂದರೆ ದಾರಿಯಲ್ಲಿ ಸಿಗುವ ಹಳೇ ಕೋಟೆ ದಾಟಿದ್ದೇ ಗೊತ್ತಾಗಲಿಲ್ಲ. ಸ್ಕೂಟಿ ಹ್ಯಾಂಡಲ್ ಹಿಡಿದ ಬೆರಳು ಸೆಟೆದುಹೋಗಿತ್ತು. ಕನ್ನಮ್ಮ ಬಾಗಿಲಲ್ಲಿ ಕಸ ಹೊಡೆಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ. "ಬಂದ್ರಾ ಮೇಡಂ. ಕೈ ಕಾಯಿಸ್ಕಳಿ ಮೊದ್ಲು" ಅಂದರು.

ಮೊಟ್ಟೆ ಎಣಿಸಿದೆ. ರಿಜಿಸ್ಟರಿಗೆ ಸರಿ. ಬೇಳೆ, ಬೆಲ್ಲ, ಹಾಲಿನ ಪುಡಿ ಸರಿ. ಅಕ್ಕಿ ಡಬ್ಬದಲ್ಲಿ ಬೇವಿನ ಎಲೆ ಸಹ ಹಾಕಿದ್ದಾರೆ. ಬಂದ ಹನ್ನೆರಡು ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಕೇಳಿದೆ, ನಿನ್ನೆ ಏನು ತಿಂದಿರಿ ಅಂತ. ಹನ್ನೆರಡೂ "ಮೊಟ್ಟೆ" ಅಂದವು. ಒಂದು ಮಾತ್ರ ಎರಡು ತಿಂದೆ ಅಂತ ಸುಳ್ಳು ಹೇಳಿತು.

"ಈ ತಿಂಗಳ ತೂಕ ನನ್ನ ಎದುರಿಗೇ ಆಗಲಿ" ಅಂದೆ.

"ಈಗ್ಲೇ ಬ್ಯಾಡ ಮೇಡಂ. ಹನ್ನೊಂದೂವರೆ ಆಗ್ಲಿ."

"ಯಾಕೆ?"

"ಬಿಸ್ಲು ಒಳಗ್ ಬರ್ಬೇಕು."

ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಂಡೆ. ಎರಡು ಗಂಟೆ ಆ ಸಣ್ಣ ಕುರ್ಚಿಯಲ್ಲಿ ಕಾದೆ. ಮಂಡಿ ಗಲ್ಲಕ್ಕೆ ಬಂತು. ಹನ್ನೊಂದೂವರೆಗೆ ದಕ್ಷಿಣದ ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿತ್ತು. ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಪಾತ್ರೆಯ ಮುಚ್ಚಳದ ಮೇಲೆ ಕನ್ನಮ್ಮ ನಾಲ್ಕು ಟವೆಲ್ ಮಡಚಿಟ್ಟಿದ್ದರು. ಬಾಗಿಲು ಹಾಕಿದರು. ಒಂದೊಂದೇ ಮಗುವನ್ನು ಬಿಸಿಲಲ್ಲಿ ನಿಲ್ಲಿಸಿ, ಬಟ್ಟೆ ಪೂರ್ತಿ ಬಿಚ್ಚಿ, ಬೆಚ್ಚಗಿನ ಟವೆಲ್ ಸುತ್ತಿ, ತಕ್ಕಡಿ ಹತ್ತಿರ ತಂದು, ಟವೆಲ್ ತೆಗೆದು ತೂಗಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮತ್ತೆ ಸುತ್ತಿಬಿಟ್ಟರು. ಒಂದೂ ಅಳಲಿಲ್ಲ. ಒಂದು ಹುಡುಗಿ ಟವೆಲ್ ಬಿಡಲು ಒಪ್ಪದೆ ಅದನ್ನೇ ಹೊದ್ದು ಊಟಕ್ಕೆ ಕೂತಳು.

ಆಗಲೂ ನನಗೆ ಹೊಳೆಯಲಿಲ್ಲ. ದಡ್ಡಿ ನಾನು. "ಒಂದು ಮಗುವನ್ನು ಬಟ್ಟೆ ಸಮೇತ ತೂಗಿ" ಅಂದೆ, ಏನೋ ದೊಡ್ಡ ಉಪಾಯ ಮಾಡಿದವಳ ಹಾಗೆ. ಅಶ್ವಿನ್ ಅಂತ ಎರಡು ವರ್ಷದವನು ಉಳಿದಿದ್ದ. ಸ್ವೆಟರ್, ಟೋಪಿ, ಉಣ್ಣೆ ಪ್ಯಾಂಟು, ಶೂ ಎಲ್ಲ ಸೇರಿ ಹತ್ತು ಕಿಲೋ ನಾನೂರು. ಬಿಚ್ಚಿದ ಮೇಲೆ ಒಂಬತ್ತು ಕಿಲೋ ಮುನ್ನೂರು.

"ಬಟ್ಟೇದೇ ಕಿಲೋ ಮ್ಯಾಲೆ ಬರ್ತದೆ ಮೇಡಂ ಈ ಚಳೀಲಿ" ಅಂದರು ಕನ್ನಮ್ಮ. "ಅದ್ರ ಮ್ಯಾಲೆ ಕೆಲವಕ್ಕೆ ಬೆಳ್ಳಿ ಉಡಿದಾರ ಬೇರೆ."

ಬಟ್ಟೆ ಸಮೇತ ಹಸಿರು. ಬಿಚ್ಚಿದರೆ ಹಳದಿ. ತಕ್ಕಡಿಯ ಮುಂದೆ ನಿಂತೇ ಇದ್ದೆ. ಕನ್ನಮ್ಮ ಊಟಕ್ಕೆ ಕರೆದರು. ಮಕ್ಕಳ ಸಾಲಿನಲ್ಲಿ ಕೂತು ಅನ್ನ ಸಾಂಬಾರು ಉಂಡೆ. ರುಚಿ ಗೊತ್ತಾಗಲಿಲ್ಲ.

ಜನವರಿ ೯, ಗುರುವಾರ. ಬೆಳಿಗ್ಗೆ ೬.೧೦

ಈ ಡೈರಿಯನ್ನೇ ಹಿಂದಕ್ಕೆ ತಿರುಗಿಸಿದೆ. ನವೆಂಬರ್ ಹದಿನೆಂಟು. "ಬಿಚ್ಚಬೇಡಿ. ಸ್ವೆಟರ್ ಸಮೇತ ತೂಗಿ, ಇನ್ನೂರು ಗ್ರಾಂ ಕಳೆದು ಬರೀರಿ." ನನ್ನ ಅಕ್ಷರ. ಪಕ್ಕದಲ್ಲಿ ಚಪ್ಪಾಳೆ ಬೇರೆ.

ಇನ್ನೂರು ಗ್ರಾಂ ಎಲ್ಲಿಂದ ಬಂತು? ಯಾವ ಸುತ್ತೋಲೆ? ಯಾವ ಆದೇಶ? ನನ್ನ ಬಾಯಿಂದ ಬಂತು, ಅಷ್ಟೆ. ನಿಯಮ ಹೇಳುವುದು ಕನಿಷ್ಠ ಬಟ್ಟೆಯಲ್ಲಿ ತೂಗಿ ಅಂತ. ಅದನ್ನು ಟ್ರೈನಿಂಗಿನಲ್ಲಿ ಅವರಿಗೆ ಓದಿ ಹೇಳಿದವಳೂ ನಾನೇ.

ಇಪ್ಪತ್ಮೂರು ಜನ ನನ್ನ ಮಾತು ಕೇಳಿದರು. ಬಾಣಂತನಕ್ಕೆ ಹೋದವರು ಕೇಳಲಿಲ್ಲ. ಕೇಳದವರಿಗೆ ನೋಟಿಸ್ ಕೊಟ್ಟೆ. ಮಕ್ಕಳು ಒಂದು ಗುಲಗಂಜಿಯಷ್ಟೂ ಏರಿಲ್ಲ. ಏರಿದ್ದು ಉಣ್ಣೆ.

ಗಣೇಶ್‌ಗೆ ಹೇಳಿದೆ. ತಮಾಷೆ ಮಾಡುತ್ತಾರೆ ಅಂದುಕೊಂಡಿದ್ದೆ, ಮಾಡಲಿಲ್ಲ. "ಯಾವ್ದಾದ್ರೂ ಮಗು ನಿಜವಾಗ್ಲೂ ಕೆಂಪಲ್ಲಿದ್ರೆ?" ಅಂದರು. ಚಹಾ ಹಾಗೇ ಬಿಟ್ಟು ಆ್ಯಪ್ ತೆಗೆದೆ. ಒಂದೇ ತಿಂಗಳಲ್ಲಿ ಜಾಸ್ತಿ ಏರಿದ್ದು ಯಾರು ಅಂತ ನೋಡುತ್ತಾ ಹೋದೆ. ಅಪೇಕ್ಷಾ. ಏಳುನೂರು ಗ್ರಾಂ! ಈ ವಯಸ್ಸಿನ ಮಗು ತಿಂಗಳಿಗೆ ಇನ್ನೂರು ಏರಿದರೆ ಹೆಚ್ಚು. ಅದಕ್ಕೆ ನಾನು ಗುಲಾಬಿ ಕಳಿಸಿದ್ದೆ.

ಹುಣಸೆಕೊಪ್ಪಕ್ಕೆ ಹೊರಟೆ.

ಅದೇ ದಿನ. ಸಂಜೆ ೭

ಭವ್ಯಾಳ ಸೆಂಟರ್ ಗೋಡೆಯ ತುಂಬ ಚಿತ್ರ. ಸೆಂಟರ್ ಎಂದರೆ ಹೀಗಿರಬೇಕು ಎಂದು ನಾನೇ ಎಲ್ಲರಿಗೂ ತೋರಿಸುತ್ತಿದ್ದದ್ದು. ಅನ್ನಕ್ಕಿಡಲು ಹೇಳಿದೆ, ಟವೆಲ್ ಕಾಯಿಸಿದೆವು. ಅಪೇಕ್ಷಾಳನ್ನು ಅಜ್ಜಿ ದುಗ್ಗಮ್ಮ ಎತ್ತಿಕೊಂಡು ಬಂದರು. ಶಾಲು ಬಿಚ್ಚಿದೆ. ಒಂದು ಸ್ವೆಟರ್. ಅದರೊಳಗೆ ಇನ್ನೊಂದು ಸ್ವೆಟರ್. ಅದರೊಳಗೆ ಮಗು ಎಲ್ಲಿದೆ ಅಂತ ಹುಡುಕುವ ಹಾಗಾಯಿತು.

ಪಕ್ಕೆಲುಬು ಎಣಿಸಬಹುದು. ಕುಂಡೆಯ ಚರ್ಮ ಜೋಲಿದೆ. ತೋಳಿನ ಸುತ್ತಳತೆಯ ಪಟ್ಟಿ ಸುತ್ತಿ ನೋಡಿದೆ, 11.3 ಸೆಂಟಿಮೀಟರ್, ಕೆಂಪು. ತೂಕ ಆರು ಕಿಲೋ ಏಳುನೂರು. ಕೆಂಪು. ಮಗು ನನ್ನ ಐಡಿ ಕಾರ್ಡ್ ಹಿಡಿದು ಎಳೆಯಿತು, ಎರಡು ಸಲ ಎಳೆದು ಸುಸ್ತಾಗಿ ಬಿಟ್ಟಿತು.

ಭವ್ಯಾ ಅತ್ತುಬಿಟ್ಟಳು. "ನೀವೇ ಹೇಳಿದ್ದು ಅಲ್ದಾ ಮೇಡಂ?"

"ಹೌದು, ನಾನೇ ಹೇಳಿದ್ದು" ಅಂದೆ.

ಸಾಗರದ ಆಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡು ಆರೈಕೆ ಮಾಡುತ್ತಾರೆ, ತಾಯಿಯೂ ಜೊತೆಗಿರಬೇಕು ಅಂತ ದುಗ್ಗಮ್ಮನಿಗೆ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ.

"ಎಂತ ಆಗ್ಯದೆ ನಮ್ ಮಗೀಗೆ? ಹೋದ್ ತಿಂಗ್ಳು ನೀವೇ ಚಲೋ ಆಗ್ಯದೆ ಅಂದ್ರಿ. ಟೀಚರ್ ಮೊಬೈಲಲ್ಲಿ ಹೂವು ತೋರ್ಸಿದ್ಳು. ಈಗ ಆಸ್ಪತ್ರೆ ಅಂತೀರಿ. ಯಾವ್ದು ಖರೆ ಅಮ್ಮ?"

ಅಡಿಕೆ ಸುಲಿಯುವ ಕಾಲ, ಸೊಸೆ ಕಾವ್ಯಾ ಎರಡು ಮನೆಯ ಚಪ್ಪರಕ್ಕೆ ಸುಲಿಯಲು ಬರುತ್ತೇನೆಂದು ಮಾತು ಕೊಟ್ಟಿದ್ದಾಳೆ, ಬಿಟ್ಟು ಹೋಗುವ ಹಾಗಿಲ್ಲ ಅಂದರು. ಮಗುವನ್ನು ಮತ್ತೆ ಸುತ್ತಿಕೊಂಡು ಹೋದರು.

ಜನವರಿ ೧೦, ಶುಕ್ರವಾರ

ಬೆಳಿಗ್ಗೆ ಆಫೀಸಿನಲ್ಲಿ ಕನ್ನಮ್ಮನ ಕಡತ ತೆಗೆದೆ. ಮೂರು ಪುಟವನ್ನೂ ಓದಿದೆ. ಈಗ.

ಕೋಳಿ ವಿಷಯ ಯಾಕೆ ಬರೆದಿದ್ದರು ಅಂದರೆ — "ನಮ್ಮ ಮನೆಯಲ್ಲಿ ಹನ್ನೊಂದು ಕೋಳಿ ಇವೆ. ಅಂಗನವಾಡಿ ಮೊಟ್ಟೆ ಕಡಿಮೆ ಬಂದ ದಿನ ನಮ್ಮ ಕೋಳಿಯದ್ದೇ ತಂದಿದ್ದೇನೆ, ಒಯ್ದಿಲ್ಲ." ಆಮೇಲೆ ತೂಕ ಹೇಗೆ ಮಾಡುತ್ತಾರೆ ಅಂತ. ಬಿಸಿಲು, ಟವೆಲ್, ಅನ್ನದ ಪಾತ್ರೆ, ಎಲ್ಲ ಇದೆ. ಡಿಸೆಂಬರ್ ಇಪ್ಪತ್ತೇಳಕ್ಕೇ ನನ್ನ ಮೇಜಿಗೆ ಬಂದಿತ್ತು. ಕೊನೆಯ ಸಾಲು ಇದು. "ಉಳಿದ ಸೆಂಟರಿನ ಮಕ್ಕಳು ಒಂದೇ ತಿಂಗಳಲ್ಲಿ ಮೈ ತುಂಬಿಕೊಂಡಿದ್ದಾರೆಂದು ಕೇಳಿ ಸಂತೋಷವಾಯಿತು. ಅವರು ಏನು ಕೊಡುತ್ತಾರೆಂದು ದಯವಿಟ್ಟು ತಿಳಿಸಿದರೆ ನಾನೂ ಕೊಡುತ್ತೇನೆ."

ವ್ಯಂಗ್ಯವಲ್ಲ. ಆಕೆಗೆ ವ್ಯಂಗ್ಯ ಬರುವುದಿಲ್ಲ. ಅದರ ಮೇಲೆ ನನ್ನ ಕೆಂಪು ಶಾಯಿ. ಉತ್ತರ ಸಮರ್ಪಕವಾಗಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಆಮೇಲೆ ನೇರ ಕಲ್ಲುಬ್ಯಾಣಕ್ಕೆ. ಕನ್ನಮ್ಮನಿಗೆ ಎಲ್ಲ ಹೇಳಿದೆ. ನವೆಂಬರಿನ ಮಾತು, ಇನ್ನೂರು ಗ್ರಾಂ, ನೋಟಿಸು, ಓದದ ಉತ್ತರ. ಬೈಯಲಿ ಅಂತ ಕಾದೆ. ಆಕೆ ಕೇಳಿದ್ದು ಒಂದೇ.

"ಆ ಮಗೀದು ಎಷ್ಟು ಅಂದ್ರಿ?"

"ಆರು ಏಳುನೂರು."

ಸೆರಗು ಸಿಕ್ಕಿಸಿಕೊಂಡರು. ಹೆಲ್ಪರಿಗೆ ಮಕ್ಕಳನ್ನು ಒಪ್ಪಿಸಿ ನನ್ನ ಸ್ಕೂಟಿ ಹತ್ತಿದರು. ನೋಟಿಸ್ ಕೊಟ್ಟವಳು ಮುಂದೆ, ನೋಟಿಸ್ ತಗೊಂಡವರು ಹಿಂದೆ. ದಾರಿಯುದ್ದಕ್ಕೂ "ನಿಧಾನ ಮೇಡಂ, ನಂಗೆ ರಿಟೈರ್ ಆಗೋ ಆಸೆ ಅದೆ" ಅನ್ನುತ್ತಿದ್ದರು.

ದುಗ್ಗಮ್ಮನ ಮನೆ ಜಗುಲಿಯಲ್ಲಿ ಕೂತು ಕನ್ನಮ್ಮ ಆಸ್ಪತ್ರೆ ಮಾತೇ ಎತ್ತಲಿಲ್ಲ. ಎಲೆ ಅಡಿಕೆ ಹಾಕಿಕೊಂಡರು. ಬೆಳೆ ಹೇಗಿದೆ, ಕೊಳೆ ರೋಗ ಎಷ್ಟು, ಸುಲಿಯಲು ಎಷ್ಟು ಜನ. ಕಾವ್ಯಾ ಚಪ್ಪರದಿಂದ ಬಂದಳು, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು. ಮಗುವನ್ನು ಎತ್ತಿಕೊಂಡಳು. ದೀಪಾವಳಿಯಿಂದ ಭೇದಿ ಬಂದು ಹೋಗುತ್ತಲೇ ಇದೆ, ಉಂಡದ್ದು ಮೈಗೆ ಹತ್ತುತ್ತಿಲ್ಲ ಅಂತ ತಾನೇ ಮೆಲ್ಲಗೆ ಹೇಳಿದಳು. ಅತ್ತೆಯ ಕಡೆ ನೋಡಲಿಲ್ಲ.

ಆಗ ಕನ್ನಮ್ಮ ಅಂದರು. "ದುಗ್ಗಕ್ಕ, ಮುಯ್ಯಾಳು ಅಂತ ಹಿಡ್ಕ. ಕಾವ್ಯಾ ಬದ್ಲಿಗೆ ನಮ್ಮನೆಯಿಂದ ಒಂದಾಳು ಬರ್ತದೆ ಸುಲ್ಯಾಕೆ. ಎರ್ಡು ವಾರ. ಮುಂದೆ ನಮ್ಗೆ ಬೇಕಾದಾಗ ನೀನು ಕಳ್ಸು. ಭಾನುವಾರ ನಾನೇ ಬರ್ತೀನಿ."

ದುಗ್ಗಮ್ಮ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. ಆಳಿಗೆ ಆಳು ಕೊಡುತ್ತೇವೆ ಅಂದ ಮೇಲೆ ಇಲ್ಲ ಅನ್ನುವುದು ಈ ಕಡೆ ಮರ್ಯಾದೆಯಲ್ಲ. "ಭಾನುವಾರ ಈ ಮೇಡಮ್ಮನೂ ಬರ್ತದಾ?" ಅಂದರು.

"ಬರ್ತೀನಿ" ಅಂದೆ.

ಜನವರಿ ೧೨, ಭಾನುವಾರ

ನಿನ್ನೆ ಕಾವ್ಯಾ, ಅಪೇಕ್ಷಾ ಸಾಗರಕ್ಕೆ ಹೋದರು. ಗಣೇಶ್ ಗೆಳೆಯನ ಓಮ್ನಿ ತಂದಿದ್ದರು. ದಾಖಲು ಮಾಡಿಕೊಂಡರು. ಡಾಕ್ಟರಮ್ಮ ಒಳ್ಳೆಯವರು. "ಇನ್ನೊಂದು ತಿಂಗಳು ಬಿಟ್ಟಿದ್ರೆ ಕಷ್ಟ ಇತ್ತು" ಅಂದರು. ಆ ಮಾತು ಕಿವಿಯಲ್ಲೇ ಇದೆ. ಏಳು ಕಿಲೋ ದಾಟಬೇಕಂತೆ, ಆಗ ಗಂಡಾಂತರ ಕಳೆದ ಹಾಗೆ.

ಇವತ್ತು ಚಪ್ಪರಕ್ಕೆ ಹೋಗಿದ್ದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತದ್ದು ಇದೇ ಮೊದಲು. ಕನ್ನಮ್ಮ ಮಾತಾಡುತ್ತಲೇ ಡಬ್ಬ ತುಂಬಿಸುತ್ತಾರೆ, ಕತ್ತಿಯ ಕಡೆ ನೋಡುವುದೂ ಇಲ್ಲ. ನಾನು ಮೂರನೇ ಅಡಿಕೆಗೇ ಬೆರಳು ಕೊಯ್ದುಕೊಂಡೆ. ಎಲ್ಲರೂ ನಕ್ಕರು. "ಮೇಡಂಗೆ ನೋಟಿಸ್ ಕೊಡ್ರೇ" ಅಂದಳು ಯಾರೋ ಒಬ್ಬಳು. ಎಲ್ಲರಿಗೂ ಗೊತ್ತಿದೆ ಹಾಗಾದರೆ. ಕನ್ನಮ್ಮನೂ ನಕ್ಕರು. ನನಗೆ ಅದೇ ಹೆಚ್ಚು ನೋವಾಯಿತು, ಬೆರಳಿಗಿಂತ.

ಜನವರಿ ೨೦, ಸೋಮವಾರ

ವಾರದಿಂದ ಬರೆದಿಲ್ಲ. ಸಂಕ್ರಾಂತಿ ಒಂದು ದಿನ ಬಿಟ್ಟು ಇಪ್ಪತ್ಮೂರು ಸೆಂಟರನ್ನೂ ಸುತ್ತಿದೆ. ಟವೆಲ್ ಹಿಡಿದುಕೊಂಡು. ಮತ್ತೆ ತೂಗಿದ್ದಾಯಿತು. ಹಳದಿ ಮೂವತ್ತೆಂಟು. ಕೆಂಪು ನಾಲ್ಕು, ಅಪೇಕ್ಷಾಳನ್ನೂ ಕಲ್ಲುಬ್ಯಾಣದ ಒಂದನ್ನೂ ಸೇರಿಸಿ. ಉಳಿದ ಮೂರನ್ನೂ ಡಾಕ್ಟರಿಗೆ ತೋರಿಸಿದ್ದೇವೆ. ಒಬ್ಬ ಟೀಚರೂ ಯಾಕೆ ಅಂತ ಜಗಳಕ್ಕೆ ಬರಲಿಲ್ಲ. ಇಬ್ಬರು ಮೊದಲೇ ಅನುಮಾನ ಬಂದಿತ್ತು ಅಂದರು. ಹೇಳಲಿಲ್ಲ ಯಾಕೆ ಅಂದೆ. "ನೀವು ಖುಷೀಲಿದ್ರಿ ಮೇಡಂ."

ಸಂಜೆ ಶಿವಮೂರ್ತಿ ಸಾಹೇಬರ ಮುಂದೆ ವರದಿಯ ಕರಡು ಇಟ್ಟೆ. ಓದಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಕೆಟ್ಟ ಮನುಷ್ಯರಲ್ಲ. ಅವರನ್ನೂ ಮೇಲೆ ಕೂತವರು ವಾರಕ್ಕೊಮ್ಮೆ ಪರದೆಯಲ್ಲಿ ನಿಲ್ಲಿಸಿ ಕೇಳುತ್ತಾರೆ.

"ಕನ್ನಮ್ಮನ ಮೇಲಿನ ಆರೋಪ ಸಾಬೀತಾಗಿಲ್ಲ ಅಂತ ಎರಡು ಸಾಲು ಬರೀರಿ, ಸಾಕು. ನೋಟಿಸ್ ನಾನು ಕೈಬಿಡ್ತೀನಿ. ಫೆಬ್ರವರಿ ತೂಕದಲ್ಲಿ ಅಂಕಿ ತಾನಾಗೇ ಸರಿ ಹೋಗುತ್ತೆ. ಈ ನವೆಂಬರ್ ಸಭೆ ವಿಷಯ ಯಾಕ್ರೀ ಬೇಕು? ನಿಮ್ಮ ಕಾಲ ಮೇಲೆ ನೀವೇ ಚಪ್ಪಡಿ ಎಳ್ಕೊಳ್ತಿದ್ದೀರಿ."

"ಸಾರ್, ತಾನಾಗೇ ಸರಿ ಹೋದ್ರೆ ಒಂದೇ ತಿಂಗಳಲ್ಲಿ ಅಷ್ಟು ಮಕ್ಕಳು ಇಳಿದುಹೋದರು ಅಂತ ಕಾಣುತ್ತೆ. ಆಗ ಟೀಚರುಗಳಿಗೆ ನೋಟಿಸ್ ಹೋಗುತ್ತೆ. ಇಪ್ಪತ್ಮೂರು ಜನಕ್ಕೆ."

ಕರಡನ್ನು ನನ್ನ ಕಡೆ ಸರಿಸಿದರು. "ಇಪ್ಪತ್ತಾರರ ಪಟ್ಟಿ ಆಗಲೇ ಹೋಗಿದೆ" ಅಂದರು. ಅದು ಬೆದರಿಕೆಯಲ್ಲ. ಬೇಸರ.

ಮನೆಗೆ ಬಂದು ಎರಡು ಸಾಲಿನ ವರದಿ ಬರೆದು ನೋಡಿದೆ. ಸುಳ್ಳೇನಿಲ್ಲ ಅದರಲ್ಲಿ. ಚೆನ್ನಾಗಿಯೇ ಇತ್ತು. ಆಸೆಯಾಯಿತು, ನಿಜ ಹೇಳುತ್ತೇನೆ. ಅಮ್ಮನಿಗೆ ಫೋನ್ ಮಾಡಿ ಸರ್ಟಿಫಿಕೇಟ್ ವಿಷಯ ಹೇಳಿಯಾಗಿತ್ತು. ಸೀರೆ ಸಹ ಆರಿಸಿಟ್ಟಿದ್ದೆ.

ಜನವರಿ ೨೨, ಬುಧವಾರ

ಕೊಟ್ಟೆ. ನಾಲ್ಕು ಪುಟದ್ದು. ನವೆಂಬರ್ ಹದಿನೆಂಟು ಮೊದಲ ಪ್ಯಾರಾದಲ್ಲೇ ಇದೆ. ಕನ್ನಮ್ಮನ ಉತ್ತರದ ಪ್ರತಿ ಲಗತ್ತಿಸಿದ್ದೇನೆ. ಕೆಂಪು ಶಾಯಿಯ ಷರಾ ಹೊಡೆದುಹಾಕಿ ಕೆಳಗೆ ಬರೆದೆ. "ಉತ್ತರ ಸಮರ್ಪಕವಾಗಿದೆ. ಓದಲು ತಡವಾಗಿದೆ." ಎರಡನೇ ವಾಕ್ಯ ಕಡತದ ಭಾಷೆಯಲ್ಲ ಅಂತ ಗುಮಾಸ್ತ ಸುಬ್ಬಯ್ಯನವರು ತಕರಾರು ಮಾಡಿದರು. ಇರಲಿ ಬಿಡಿ ಅಂದೆ.

ಜನವರಿ ೨೬, ಭಾನುವಾರ

ಧ್ವಜವಂದನೆಗೆ ಹೋಗಿದ್ದೆ. ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿತ್ತು. ಆದರೂ ಹೆಸರು ಓದುವಾಗ ಕಿವಿ ನಿಮಿರಿತು. ಥೂ.

ಅಪೇಕ್ಷಾ ನಿನ್ನೆ ಮನೆಗೆ ಬಂದಿದ್ದಾಳೆ. ಆರು ಕಿಲೋ ಒಂಬೈನೂರು. ಭೇದಿ ನಿಂತಿದೆ. ಕಾವ್ಯಾ ಸಾಗರದಿಂದ ಬರುವಾಗ ನನಗೆ ಅಂತ ಎರಡು ಮುಸುಂಬಿ ತಂದಿದ್ದಳಂತೆ, ಭವ್ಯಾ ಕೈಲಿ ಕಳಿಸಿದ್ದಾಳೆ. ತಿನ್ನಲು ಮನಸ್ಸು ಬರುತ್ತಿಲ್ಲ. ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ.

ಫೆಬ್ರವರಿ ೩, ಸೋಮವಾರ

ಸರ್ಕಲ್ ಮೀಟಿಂಗ್. ಇಪ್ಪತ್ನಾಲ್ಕೂ ಜನ. ಎದ್ದು ನಿಂತು ಹೇಳಿದೆ. ತಪ್ಪು ನನ್ನದು, ನಿಮ್ಮ ಯಾರದೂ ಅಲ್ಲ, ನಾನು ಬಾಯಿಗೆ ಬಂದದ್ದನ್ನು ನಿಯಮ ಮಾಡಿದೆ, ಇನ್ನು ಮೇಲೆ ನಾನು ಏನಾದರೂ ಹೇಳಿದರೆ ಯಾವ ಆದೇಶದಲ್ಲಿದೆ ಅಂತ ಕೇಳಿ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಳ್ಳೆಯದಾಯಿತು.

ಆಮೇಲೆ ಕನ್ನಮ್ಮನನ್ನು ಮುಂದೆ ಕರೆದೆ. ಮೈಕು ಕೈಗೆ ತಗೊಳ್ಳಲಿಲ್ಲ. ಮಡಚಿದ ಟವೆಲ್ ಒಂದನ್ನು ಎತ್ತಿ ತೋರಿಸಿದರು. "ಎಂತ ಇಲ್ರೇ ಇದ್ರಲ್ಲಿ. ನಮ್ ಮೈ ಬಿಚ್ಚಿದ್ರೆ ನಮ್ಗೆ ಹ್ಯಾಂಗ್ ಆಗ್ತದೆ? ಅಷ್ಟ್ ನೆನಪಿಟ್ಕಂಡ್ರೆ ಆಯ್ತು." ಕೂತುಬಿಟ್ಟರು. ನೋಟಿಸ್ ಕೈಬಿಟ್ಟ ಆದೇಶದ ಕಾಗದ ಕೊಟ್ಟೆ. ನಾಲ್ಕಾಗಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡರು. ಓದಲಿಲ್ಲ.

"ಓದಿ ಕನ್ನಮ್ಮನವರೇ" ಅಂದೆ.

"ಮನೇಲಿ ಓದ್ತೀನಿ ಮೇಡಂ. ಮಗಳಿಗೂ ಕೇಳಿಸ್ಬೇಕು. ನೋಟಿಸ್ ಬಂದಾಗಿಂದ ಅದು ನನ್ ಹತ್ರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿಲ್ಲ."

ಇದನ್ನು ಇಷ್ಟು ದಿನ ನನಗೆ ಹೇಳಿರಲಿಲ್ಲ. ಒಂದು ಮಾತೂ.

ಫೆಬ್ರವರಿ ೬, ಗುರುವಾರ. ಮಧ್ಯಾಹ್ನ ೧೨

ನನಗೆ ನೋಟಿಸ್ ಬಂದಿದೆ. "ಇಲಾಖಾ ಮಾರ್ಗಸೂಚಿಗೆ ವಿರುದ್ಧವಾಗಿ ಸೂಚನೆ ನೀಡಿರುವ ಬಗ್ಗೆ ಏಳು ದಿನಗಳೊಳಗೆ ಸಮಜಾಯಿಷಿ..." ಶಿವಮೂರ್ತಿ ಸಾಹೇಬರು ತಾವೇ ತಂದು ಮೇಜಿನ ಮೇಲಿಟ್ಟರು. "ಮೇಲಿಂದ ಬಂದದ್ದು, ಬೇಜಾರು ಮಾಡ್ಕೋಬೇಡಿ" ಅಂದರು. ಚಹಾ ತರಿಸಿದರು.

ಭಯವಿದೆ. ಇಲ್ಲ ಅಂದರೆ ಸುಳ್ಳು.

ಉತ್ತರದ ಕರಡನ್ನು ಇಲ್ಲೇ ಬರೆದುಕೊಳ್ಳುತ್ತೇನೆ. ಮಾನ್ಯರೇ, ಮಕ್ಕಳ ಬಟ್ಟೆ ಬಿಚ್ಚಬೇಡಿ ಎಂದು ಹೇಳಿದವಳು ನಾನೇ. ಮಕ್ಕಳಿಗೆ ಚಳಿಯಾಗುತ್ತದೆ ಎಂಬ ಕಾಳಜಿ ಒಂದು ಪಾಲು, ನನಗೆ ಬೈಗುಳ ಬರುತ್ತದೆ ಎಂಬ ಹೆದರಿಕೆ ಎರಡು ಪಾಲು. ಬೆಚ್ಚಗಿನ ಟವೆಲ್ ಎಂಬ ಉಪಾಯ ನನಗೆ ಹೊಳೆಯಲಿಲ್ಲ. ಅದು ಹೊಳೆದವರಿಗೆ ನಾನು...

ಹುಣಸೆಕೊಪ್ಪದಿಂದ ಭವ್ಯಾ ಫೋನು. ಇವತ್ತು ಅವರ ತೂಕದ ದಿನ. ಕನ್ನಮ್ಮನೂ ಅಲ್ಲಿಗೆ ಹೋಗಿದ್ದಾರಂತೆ, ರಜೆ ಹಾಕಿ. ಬಿಸಿಲು ಬಂದಿದೆಯಂತೆ. ಫೋನು ಕಿವಿಗೆ ಒತ್ತಿಕೊಂಡೇ ಬರೆಯುತ್ತಿದ್ದೇನೆ. ಹಿಂದೆ ಅಪೇಕ್ಷಾ ಕಿರುಚುತ್ತಿದ್ದಾಳೆ, ಅಳುವಲ್ಲ, ಟವೆಲ್ಲಿಗೆ ಜಗಳ. "ಬಿಚ್ಚಿದ್ವಿ ಮೇಡಂ, ಎಲ್ಲಾ ಬಿಚ್ಚಿದ್ವಿ, ಉಡಿದಾರ ಸಹ... ಇರಿ ಇರಿ, ಮುಳ್ಳು ನಿಲ್ಲಲಿ... ಏಳು ಕಿಲೋ..."

ಕಟ್ಟಾಯಿತು. ನೆಟ್‌ವರ್ಕ್.

ಏಳು ಅಂದಳು. ಮುಂದೆ ಎಷ್ಟೋ ಇತ್ತು, ಕೇಳಿಸಲಿಲ್ಲ. ಏಳು ಕೇಳಿಸಿತು. ಮತ್ತೆ ಹಚ್ಚಿದ್ದೇನೆ, ರಿಂಗ್ ಆಗುತ್ತಿ...